ಗರ್ಭಿಣಿಯರಿಗೆ ಹೆರಿಗೆಯೇತರ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ: ಮಂಡ್ಯ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗರ್ಭಾವಸ್ಥೆಯಲ್ಲಿ ಹೆರಿಗೆಗೆ ಸಂಬಂಧಿಸದ ಕಾಯಿಲೆಗಳಿಗಾಗಿಯೂ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು. ನೂರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಂದ ಇಬ್ಬರಿಗೆ ಇಂತಹ ಸಂದರ್ಭ ಒದಗುತ್ತದೆ ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನೋವು ತಿಳಿಯದಂತೆ ನೀಡುವ ಚಿಕಿತ್ಸೆಗೆ ಅರಿವಳಿಕೆ ಎಂದು ಹೆಸರು. ಜನರ ರೂಢಿಯಲ್ಲಿ ಇದನ್ನು "ಮತ್ತು ಕೊಡುವುದು" ಎನ್ನಲಾಗುತ್ತದೆ.

ಅರಿವಳಿಕೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುತ್ತದೆ ಎಂಬ ಭಯದಿಂದ ಅನೇಕ ಕುಟುಂಬಗಳು ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಹೆರಿಗೆಯವರೆಗೆ ಮುಂದೂಡಲು ಬಯಸುತ್ತವೆ. ತುರ್ತು ಕಾಯಿಲೆಗಳಲ್ಲಿ ತಾಯಿಗೂ ಮಗುವಿಗೂ ಅರಿವಳಿಕೆಗಿಂತ ವಿಳಂಬವೇ ಹೆಚ್ಚು ಅಪಾಯಕಾರಿ. ಈ ಅಂಶವನ್ನು ತಿಳಿಸುವುದು ಹಾಗೂ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ನಾಗರಿಕರು ಚಿಕಿತ್ಸೆ ಪಡೆಯಲು ಅನುಸರಿಸಬೇಕಾದ ಕ್ರಮವನ್ನು ವಿವರಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ವಿಳಂಬ ಹೇಗೆ ಉಂಟಾಗುತ್ತದೆ

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಇಲ್ಲಿ ನೀಡಲಾಗಿದೆ. ಮಳವಳ್ಳಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಐದು ತಿಂಗಳ ಗರ್ಭಿಣಿಗೆ ಭಾನುವಾರ ರಾತ್ರಿ ಹೊಟ್ಟೆಯ ಬಲಭಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಗ್ಯಾಸ್ಟ್ರಿಕ್ ಇರಬಹುದೆಂದು ಮನೆಯವರು ಜೀರಿಗೆ ಕಷಾಯ ಕೊಡುತ್ತಾರೆ. ಸೋಮವಾರ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಊತವೆಂದು ತಿಳಿದು ಶಸ್ತ್ರಚಿಕಿತ್ಸೆಗೆ ಸೂಚಿಸಲಾಗುತ್ತದೆ. "ಮತ್ತು ಕೊಟ್ಟರೆ ಮಗು ಉಳಿಯುವುದಿಲ್ಲ" ಎಂದು ಬಂಧುಗಳು ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಪತಿ ಬಂದು ಸಹಿ ಮಾಡಲಿ ಎಂದು ಒಂದು ದಿನ ಕಾಯಲಾಗುತ್ತದೆ. ಪಡಿತರ ಚೀಟಿ ಗಂಡನ ಮನೆಯಲ್ಲಿದೆ ಎಂದು ಅರ್ಧ ದಿನ ಕಳೆಯುತ್ತದೆ. ಮಂಗಳವಾರ ರಾತ್ರಿ ಅಪೆಂಡಿಕ್ಸ್ ಒಡೆಯುತ್ತದೆ.

ಈ ಉದಾಹರಣೆಯಲ್ಲಿ ನಾಲ್ಕು ವಿಳಂಬಗಳಿವೆ: ನೋವನ್ನು ಗುರುತಿಸದಿರುವುದು, ಅರಿವಳಿಕೆಯ ಭಯ, ಸಹಿಗಾಗಿ ಕಾಯುವುದು ಮತ್ತು ದಾಖಲೆಗಾಗಿ ಕಾಯುವುದು. ನಾಲ್ಕನ್ನೂ ತಪ್ಪಿಸಲು ಸಾಧ್ಯವಿದೆ. ಅಪೆಂಡಿಕ್ಸ್ ಒಡೆಯುವ ಮೊದಲು ಶಸ್ತ್ರಚಿಕಿತ್ಸೆಯಾದರೆ ಗರ್ಭ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಒಡೆದು ಕೀವು ಹರಡಿದ ನಂತರ ಗರ್ಭನಷ್ಟದ ಸಂಭವ ಹಲವು ಪಟ್ಟು ಏರುತ್ತದೆ.

3. ತಕ್ಷಣ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ಗರ್ಭಿಣಿಯಲ್ಲಿ ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣತಕ್ಕದ್ದು.

ಅ) ಕೆಲವು ಗಂಟೆಗಳಾದರೂ ಕಡಿಮೆಯಾಗದ ಅಥವಾ ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು.
ಆ) ಹೊಟ್ಟೆನೋವಿನ ಜೊತೆಗೆ ಜ್ವರ, ಚಳಿ ಅಥವಾ ನಿಲ್ಲದ ವಾಂತಿ.
ಇ) ಕಣ್ಣು ಹಳದಿಯಾಗುವುದು, ಊಟದ ನಂತರ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ತೀವ್ರ ನೋವು.
ಈ) ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಸಹಿಸಲಾಗದ ನೋವು.
ಉ) ವಾಹನ ಅಪಘಾತ, ಬೀಳುವುದು ಅಥವಾ ಹೊಟ್ಟೆಗೆ ಪೆಟ್ಟು, ಹೊರಗೆ ಗಾಯ ಕಾಣದಿದ್ದರೂ ಸಹ.
ಊ) ರಕ್ತಸ್ರಾವ, ನೀರು ಹೋಗುವುದು ಅಥವಾ ಮಗುವಿನ ಚಲನೆ ಕಡಿಮೆಯಾಗುವುದು.

ವಾಂತಿ ಮತ್ತು ಹೊಟ್ಟೆಯ ಅಸ್ವಸ್ಥತೆ ಗರ್ಭಾವಸ್ಥೆಯಲ್ಲಿ ಸಾಮಾನ್ಯವಾದುದರಿಂದ ಕಾಯಿಲೆಯನ್ನು ಗುರುತಿಸುವುದು ಕಷ್ಟ. ಗರ್ಭಕೋಶ ಬೆಳೆದಂತೆ ಅಪೆಂಡಿಕ್ಸ್ ನೋವು ಸಾಮಾನ್ಯ ಸ್ಥಳಕ್ಕಿಂತ ಮೇಲೆ ಕಾಣಿಸಿಕೊಳ್ಳಬಹುದು. ಗರ್ಭಿಣಿಯರಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸಹಜವಾಗಿಯೇ ಹೆಚ್ಚಿರುವುದರಿಂದ ಒಂದೇ ರಕ್ತಪರೀಕ್ಷೆಯಿಂದ ತೀರ್ಮಾನಿಸಲಾಗುವುದಿಲ್ಲ. ಆದುದರಿಂದ ವೈದ್ಯರು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೂಚಿಸುತ್ತಾರೆ. ಪ್ರಸವಪೂರ್ವ ಲಿಂಗ ಪತ್ತೆ ತಡೆಗಟ್ಟುವ 1994ರ ಕಾಯ್ದೆಯ ಪ್ರಕಾರ ಗರ್ಭಿಣಿಗೆ ಮಾಡುವ ಪ್ರತಿ ಸ್ಕ್ಯಾನಿಂಗ್‌ಗೂ "ಎಫ್" ನಮೂನೆಯನ್ನು ಭರ್ತಿ ಮಾಡುವುದು ಕಡ್ಡಾಯ. ಕಾಯಿಲೆಯ ಪತ್ತೆಗಾಗಿ ಮಾಡುವ ಸ್ಕ್ಯಾನಿಂಗ್‌ಗೆ ಯಾವುದೇ ನಿರ್ಬಂಧವಿರುವುದಿಲ್ಲ. ಗುರುತಿನ ಚೀಟಿಯನ್ನು ಜೊತೆಯಲ್ಲಿ ತರುವುದು ಸೂಕ್ತ.

4. ಯಾವ ಶಸ್ತ್ರಚಿಕಿತ್ಸೆ ಮುಂದೂಡಬಹುದು, ಯಾವುದು ಮುಂದೂಡಲಾಗದು

ಶಸ್ತ್ರಚಿಕಿತ್ಸೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಕಾಯಬಹುದಾದವು. ನೋವಿಲ್ಲದ ಸಣ್ಣ ಗಂಟು, ತೊಂದರೆ ಕೊಡದ ಹರ್ನಿಯಾ ಮುಂತಾದವನ್ನು ಹೆರಿಗೆಯ ನಂತರಕ್ಕೆ ಮುಂದೂಡಲಾಗುತ್ತದೆ.

ಎರಡನೆಯದು, ತುರ್ತಲ್ಲದಿದ್ದರೂ ಹೆರಿಗೆಯವರೆಗೆ ಕಾಯಲಾಗದವು. ಪದೇ ಪದೇ ನೋವು ಕೊಡುವ ಪಿತ್ತಕೋಶದ ಕಲ್ಲು, ಸ್ತನ ಕ್ಯಾನ್ಸರ್ ಮುಂತಾದವು ಈ ಬಗೆಗೆ ಸೇರುತ್ತವೆ. ಸಾಧ್ಯವಿದ್ದಲ್ಲಿ ಇವುಗಳಿಗೆ ನಾಲ್ಕರಿಂದ ಆರನೆಯ ತಿಂಗಳಿನ ಅವಧಿಯನ್ನು ಆರಿಸಿಕೊಳ್ಳಲಾಗುತ್ತದೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳು ಕಳೆದಿರುತ್ತವೆ. ಅವಧಿಪೂರ್ವ ಹೆರಿಗೆಯ ಸಂಭವವೂ ಕೊನೆಯ ಮೂರು ತಿಂಗಳಿಗಿಂತ ಕಡಿಮೆ.

ಮೂರನೆಯದು, ತುರ್ತು ಶಸ್ತ್ರಚಿಕಿತ್ಸೆಗಳು. ಅಪೆಂಡಿಕ್ಸ್ ಊತ, ತಿರುಚಿಕೊಂಡ ಅಂಡಾಶಯದ ಗೆಡ್ಡೆ, ಕರುಳಿನ ತಡೆ, ಅಪಘಾತದಿಂದಾದ ಒಳರಕ್ತಸ್ರಾವ ಇತ್ಯಾದಿ. ಇವುಗಳನ್ನು ಗರ್ಭದ ಯಾವ ತಿಂಗಳಿನಲ್ಲಿಯೇ ಆಗಲಿ ತಡಮಾಡದೆ ನೆರವೇರಿಸತಕ್ಕದ್ದು. ಅಮೆರಿಕದ ಪ್ರಸೂತಿ ತಜ್ಞರ ಮತ್ತು ಅರಿವಳಿಕೆ ತಜ್ಞರ ಸಂಘಟನೆಗಳು 2019ರಲ್ಲಿ ಜಂಟಿಯಾಗಿ ಹೊರಡಿಸಿದ ಅಭಿಪ್ರಾಯವೂ ಇದೇ ಆಗಿರುತ್ತದೆ: ವೈದ್ಯಕೀಯವಾಗಿ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಗರ್ಭಿಣಿ ಎಂಬ ಕಾರಣಕ್ಕೆ ಯಾವ ಹಂತದಲ್ಲಿಯೂ ನಿರಾಕರಿಸಬಾರದು.

5. ಅರಿವಳಿಕೆಯ ಬಗೆಗಳು

ಅ) ಸ್ಥಳೀಯ ಅರಿವಳಿಕೆ: ಗಾಯದ ಸುತ್ತಲಿನ ಭಾಗವನ್ನು ಮಾತ್ರ ಮರಗಟ್ಟಿಸುವುದು. ಸಣ್ಣ ಹೊಲಿಗೆ, ಕೀವುಗುಳ್ಳೆ, ಹಲ್ಲಿನ ಚಿಕಿತ್ಸೆಗೆ ಇದು ಸಾಕಾಗುತ್ತದೆ.

ಆ) ಬೆನ್ನಿನ ಅರಿವಳಿಕೆ: ಬೆನ್ನಿಗೆ ಇಂಜೆಕ್ಷನ್ ನೀಡಿ ದೇಹದ ಕೆಳಭಾಗವನ್ನು ಮರಗಟ್ಟಿಸುವುದು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಮಗುವನ್ನು ತಲುಪುವ ಔಷಧಿಯ ಪ್ರಮಾಣ ಅತ್ಯಲ್ಪ. ಶಸ್ತ್ರಚಿಕಿತ್ಸೆಯ ಸ್ವರೂಪ ಅನುಮತಿಸಿದಲ್ಲಿ ಈ ವಿಧಾನಕ್ಕೆ ಆದ್ಯತೆ ನೀಡಲಾಗುತ್ತದೆ. ಗರ್ಭಿಣಿಯರಿಗೆ ಇತರರಿಗಿಂತ ಕಡಿಮೆ ಪ್ರಮಾಣದ ಔಷಧಿ ಸಾಕಾಗುತ್ತದೆ.

ಇ) ಪೂರ್ಣ ಅರಿವಳಿಕೆ: ಪ್ರಜ್ಞೆ ತಪ್ಪಿಸಿ, ಶ್ವಾಸನಾಳಕ್ಕೆ ಕೊಳವೆ ಅಳವಡಿಸಿ, ಯಂತ್ರದ ನೆರವಿನಿಂದ ಉಸಿರಾಟ ನಡೆಸುವುದು. ಹೊಟ್ಟೆಯ ಮೇಲ್ಭಾಗದ ಹಾಗೂ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಇದು ಅಗತ್ಯ.

6. ಗರ್ಭಿಣಿಯ ವಿಷಯದಲ್ಲಿ ವಹಿಸುವ ವಿಶೇಷ ಎಚ್ಚರಿಕೆಗಳು

ಗರ್ಭಾವಸ್ಥೆಯಲ್ಲಿ ದೇಹದ ಕಾರ್ಯವಿಧಾನ ಬದಲಾಗಿರುತ್ತದೆ. ಅದಕ್ಕೆ ಅನುಗುಣವಾಗಿ ಅರಿವಳಿಕೆ ತಜ್ಞರು ಕೆಳಕಂಡ ಎಚ್ಚರಿಕೆಗಳನ್ನು ವಹಿಸುತ್ತಾರೆ.

ಉಸಿರಾಟ: ಗರ್ಭಿಣಿಗೆ ಆಮ್ಲಜನಕದ ಬೇಡಿಕೆ ಸುಮಾರು ಶೇಕಡಾ 20ರಷ್ಟು ಹೆಚ್ಚಿರುತ್ತದೆ, ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ಸುಮಾರು ಅಷ್ಟೇ ಕಡಿಮೆಯಾಗಿರುತ್ತದೆ. ಖರ್ಚು ಹೆಚ್ಚಾಗಿ ಉಳಿತಾಯ ತಗ್ಗಿದಂತಹ ಸ್ಥಿತಿ ಇದು. ಆದುದರಿಂದ ಪ್ರಜ್ಞೆ ತಪ್ಪಿಸುವ ಮೊದಲು ಕೆಲವು ನಿಮಿಷ ಮಾಸ್ಕ್ ಮೂಲಕ ಆಮ್ಲಜನಕ ನೀಡಲಾಗುತ್ತದೆ. ಗಂಟಲಿನ ಊತದಿಂದ ಕೊಳವೆ ಅಳವಡಿಸುವುದು ಕಷ್ಟವಾಗಬಹುದಾದ್ದರಿಂದ ಪರ್ಯಾಯ ಸಲಕರಣೆಗಳನ್ನು ಮೊದಲೇ ಸಿದ್ಧವಿಡಲಾಗುತ್ತದೆ.

ಹೊಟ್ಟೆಯಲ್ಲಿನ ಆಹಾರ: ಜಠರದಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶ ಸೇರುವ ಅಪಾಯ ಗರ್ಭಿಣಿಯರಲ್ಲಿ ಹೆಚ್ಚು. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ಗಂಟೆ ಮೊದಲು ಘನ ಆಹಾರವನ್ನೂ 2 ಗಂಟೆ ಮೊದಲು ನೀರನ್ನೂ ನಿಲ್ಲಿಸತಕ್ಕದ್ದು. ಎಣ್ಣೆಯಲ್ಲಿ ಕರಿದ ಅಥವಾ ಮಾಂಸದ ಊಟ ಮಾಡಿದ್ದಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಹಾಲು ಬೆರೆಸಿದ ಕಾಫಿ, ಚಹಾ, ಗಂಜಿ, ರಾಗಿ ಅಂಬಲಿ ಇವು ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ಬಾರಿ ಏನು, ಎಷ್ಟು ಗಂಟೆಗೆ ಸೇವಿಸಿದ್ದೆಂದು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಊಟ ಮಾಡಿದ್ದರೂ ತುರ್ತು ಶಸ್ತ್ರಚಿಕಿತ್ಸೆ ನಿಲ್ಲುವುದಿಲ್ಲ; ವೈದ್ಯರು ವಿಧಾನವನ್ನು ಬದಲಿಸಿಕೊಳ್ಳುತ್ತಾರೆ.

ರಕ್ತದೊತ್ತಡ: ಸುಮಾರು 20 ವಾರಗಳ ನಂತರ ಅಂಗಾತ ಮಲಗಿದಾಗ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ತಾಯಿಯ ರಕ್ತದೊತ್ತಡ ಕುಸಿಯಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಆದುದರಿಂದ ಮೇಜಿನ ಮೇಲೆ ದೇಹವನ್ನು ಎಡಕ್ಕೆ ಸ್ವಲ್ಪ ವಾಲಿಸಿ ಮಲಗಿಸಲಾಗುತ್ತದೆ. ಆಸ್ಪತ್ರೆಗೆ ಕರೆತರುವಾಗಲೂ ಸಾಧ್ಯವಾದಷ್ಟು ಎಡಮಗ್ಗುಲಾಗಿ ಮಲಗಿಸುವುದು ಒಳ್ಳೆಯದು.

ಮಗುವಿನ ನಿಗಾ: ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಮಗುವಿನ ಹೃದಯ ಬಡಿತವನ್ನು ದಾಖಲಿಸಲಾಗುತ್ತದೆ. ಮಗು ಹೊರಗೆ ಬದುಕಬಲ್ಲಷ್ಟು ಬೆಳೆದಿದ್ದಲ್ಲಿ ಪ್ರಸೂತಿ ತಜ್ಞರು ಇನ್ನೂ ಹೆಚ್ಚಿನ ನಿಗಾ ಸೂಚಿಸಬಹುದು. ಅವಧಿಪೂರ್ವ ಹೆರಿಗೆಯ ಸಂಭವವಿದ್ದಲ್ಲಿ 24ರಿಂದ 34 ವಾರಗಳ ನಡುವೆ ಮಗುವಿನ ಶ್ವಾಸಕೋಶ ಬಲಗೊಳಿಸುವ ಸ್ಟೀರಾಯ್ಡ್ ಇಂಜೆಕ್ಷನ್ ನೀಡಲಾಗುತ್ತದೆ.

7. ಅರಿವಳಿಕೆಯಿಂದ ಮಗುವಿಗೆ ಹಾನಿಯಾಗುವುದೇ

ಪ್ರಸ್ತುತ ಬಳಕೆಯಲ್ಲಿರುವ ಅರಿವಳಿಕೆ ಔಷಧಿಗಳನ್ನು ನಿಗದಿತ ಪ್ರಮಾಣದಲ್ಲಿ ಬಳಸಿದಾಗ ಮನುಷ್ಯರಲ್ಲಿ ಹುಟ್ಟುನ್ಯೂನತೆ ಉಂಟಾಗುತ್ತದೆ ಎಂಬುದು ಗರ್ಭದ ಯಾವ ಹಂತದಲ್ಲಿಯೂ ಸಾಬೀತಾಗಿರುವುದಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಡಿಸೆಂಬರ್‌ನಲ್ಲಿ ಒಂದು ಎಚ್ಚರಿಕೆ ನೀಡಿತು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಪದೇ ಪದೇ ಅಥವಾ 3 ಗಂಟೆಗಿಂತ ಹೆಚ್ಚು ಕಾಲ ನೀಡುವ ಪೂರ್ಣ ಅರಿವಳಿಕೆಯು ಮಗುವಿನ ಮೆದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದು ಎಂಬುದು ಅದರ ಸಾರ. ಇದಕ್ಕೆ ಮುಖ್ಯ ಆಧಾರ ಪ್ರಾಣಿಗಳ ಮೇಲಿನ ಅಧ್ಯಯನಗಳು. ಈ ಎಚ್ಚರಿಕೆಯ ಕಾರಣದಿಂದ ತಾಯಿಗೆ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ತಡೆಯಬಾರದು ಎಂಬುದೇ ತಜ್ಞರ ನಿಲುವು. ಅಪೆಂಡಿಕ್ಸ್‌ನಂತಹ ಬಹುತೇಕ ಶಸ್ತ್ರಚಿಕಿತ್ಸೆಗಳು ಆ ಅವಧಿಗಿಂತ ಬೇಗನೆ ಮುಗಿಯುತ್ತವೆ.

ಅಪಾಯವೇ ಇಲ್ಲವೆಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸೆಯ ನಂತರ ಗರ್ಭಪಾತ ಅಥವಾ ಅವಧಿಪೂರ್ವ ಹೆರಿಗೆ ಆಗಬಹುದು. ಅದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವಾಗುವುದು ಸೋಂಕು, ಜ್ವರ ಮುಂತಾಗಿ ಮೂಲ ಕಾಯಿಲೆ ಹಾಗೂ ಗರ್ಭಕೋಶದ ಸಮೀಪ ನಡೆಯುವ ಶಸ್ತ್ರಚಿಕಿತ್ಸೆ. ತಾಯಿಯ ಆಮ್ಲಜನಕ ಮತ್ತು ರಕ್ತದೊತ್ತಡವನ್ನು ಸರಿಯಾಗಿ ಕಾಯ್ದುಕೊಳ್ಳುವುದೇ ಮಗುವಿಗೆ ದೊರೆಯುವ ಮುಖ್ಯ ರಕ್ಷಣೆ.

8. ಎಲ್ಲಿಗೆ ಹೋಗಬೇಕು

ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕಿನವರು ಮೊದಲಿಗೆ ಆಯಾ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಗೆ ಹೋಗಬಹುದು. ಜಿಲ್ಲಾ ಮಟ್ಟದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಬೋಧನಾ ಆಸ್ಪತ್ರೆ ಇದೆ. ಹಿಂದಿನ ಜಿಲ್ಲಾ ಆಸ್ಪತ್ರೆಯೇ ಈ ಸಂಸ್ಥೆಯ ಭಾಗವಾಗಿರುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಅಗತ್ಯವೆನಿಸಿದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆ ಅಥವಾ ಬೆಂಗಳೂರಿನ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳಿಗೆ ಕಳುಹಿಸಲಾಗುತ್ತದೆ.

"ಸಿಸೇರಿಯನ್ ಇಲ್ಲಿಯೇ ಮಾಡುತ್ತಾರೆ, ಅಪೆಂಡಿಕ್ಸ್‌ಗೆ ಮಾತ್ರ ಏಕೆ ಬೇರೆಡೆಗೆ ಕಳುಹಿಸುತ್ತಾರೆ" ಎಂದು ಸಾರ್ವಜನಿಕರು ಕೇಳುವುದು ಸಹಜ. ಸಿಸೇರಿಯನ್ ಸಾಮಾನ್ಯವಾಗಿ ಬೆನ್ನಿನ ಅರಿವಳಿಕೆಯಲ್ಲಿ ನಡೆಯುತ್ತದೆ ಮತ್ತು ಅದರೊಂದಿಗೆ ಗರ್ಭಾವಸ್ಥೆ ಮುಗಿಯುತ್ತದೆ. ಹೆರಿಗೆಯೇತರ ಶಸ್ತ್ರಚಿಕಿತ್ಸೆಯಲ್ಲಿ ಪೂರ್ಣ ಅರಿವಳಿಕೆ ಬೇಕಾಗಬಹುದು, ಗರ್ಭ ಮುಂದುವರಿಯಬೇಕು, ಅಕಸ್ಮಾತ್ ಅವಧಿಪೂರ್ವ ಹೆರಿಗೆಯಾದರೆ ನವಜಾತ ಶಿಶು ವಿಶೇಷ ಆರೈಕೆ ಘಟಕವೂ ಹತ್ತಿರವಿರಬೇಕು. ಅರಿವಳಿಕೆ ತಜ್ಞರ ಕೊರತೆಯನ್ನು ನೀಗಿಸಲು ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲ್ಯ ತರಬೇತಿ ನೀಡುವ ವ್ಯವಸ್ಥೆ ದೇಶದಲ್ಲಿದೆ; ಆದರೆ ಆ ತರಬೇತಿ ತುರ್ತು ಹೆರಿಗೆ ಸೇವೆಗಾಗಿ ರೂಪಿಸಿದ್ದು. ಆದುದರಿಂದ ಶಸ್ತ್ರಚಿಕಿತ್ಸಾ ತಜ್ಞರು, ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು ಮತ್ತು ಮಕ್ಕಳ ತಜ್ಞರು ಒಂದೇ ಕಡೆ ಲಭ್ಯವಿರುವ ಆಸ್ಪತ್ರೆಗೆ ಕಳುಹಿಸುವುದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು. ಕಳುಹಿಸುವಾಗ ರೆಫರಲ್ ಚೀಟಿಯಲ್ಲಿ ಗರ್ಭದ ವಾರಗಳು, ನೀಡಿದ ಔಷಧಿಗಳು ಮತ್ತು ಸಮಯ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಸಾಗಣೆ: 108 ಸಂಖ್ಯೆಗೆ ಕರೆ ಮಾಡಿ ಉಚಿತ ಆಂಬ್ಯುಲೆನ್ಸ್ ಸೇವೆ ಪಡೆಯಬಹುದು. ಕರೆ ಮಾಡುವಾಗ ರೋಗಿ ಗರ್ಭಿಣಿ ಎಂಬುದನ್ನೂ ಎಷ್ಟು ತಿಂಗಳು ಎಂಬುದನ್ನೂ ಮೊದಲೇ ತಿಳಿಸಬೇಕು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಮತ್ತು ಆಟೋಗಳಿಗೆ ನಿಷೇಧ ಜಾರಿಯಾಗಿರುತ್ತದೆ. ಮದ್ದೂರಿನಿಂದ ಮಂಡ್ಯಕ್ಕೆ ಆಟೋದಲ್ಲಿ ಹೊರಡುವವರು ಸರ್ವಿಸ್ ರಸ್ತೆಯಲ್ಲಿಯೇ ಬರಬೇಕಾಗುವುದರಿಂದ ಸಮಯ ಹೆಚ್ಚು ತಗಲುತ್ತದೆ. ತುರ್ತು ಸ್ಥಿತಿಯಲ್ಲಿ ಆಂಬ್ಯುಲೆನ್ಸ್ ಅಥವಾ ಕಾರು ಸೂಕ್ತ.

9. ವೆಚ್ಚ ಮತ್ತು ಅಗತ್ಯ ದಾಖಲೆಗಳು

ಅ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011ರಿಂದ ಜಾರಿ): ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್ ಮತ್ತು ಗರ್ಭಾವಸ್ಥೆಯ ತೊಡಕುಗಳ ಚಿಕಿತ್ಸೆ ಉಚಿತ.

ಆ) ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ (2018ರಿಂದ ಜಾರಿ): ಬೇರೆ ಕಾಯಿಲೆಗಳ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಈ ಯೋಜನೆ ಅನ್ವಯವಾಗುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಅಗತ್ಯ. ಯೋಜನೆಯಲ್ಲಿ ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಅಗತ್ಯವಿಲ್ಲ. ವಿವರಗಳಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದು.

ಇ) ಯಶಸ್ವಿನಿ ಯೋಜನೆ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ವಿಲೀನಗೊಂಡು, 2023ರಿಂದ ಮತ್ತೆ ಜಾರಿಗೆ ಬಂದಿದೆ. ಹಾಲು ಉತ್ಪಾದಕರ ಮತ್ತು ಕೃಷಿ ಪತ್ತಿನ ಸಂಘಗಳ ಸದಸ್ಯರು ಆಯಾ ವರ್ಷದ ನೋಂದಣಿ ಮಾಡಿಸಿದ್ದಲ್ಲಿ ಸೌಲಭ್ಯ ಪಡೆಯಬಹುದು.

ತರಬೇಕಾದ ದಾಖಲೆಗಳು: ತಾಯಿ ಕಾರ್ಡ್, ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ವರದಿ, ಸೇವಿಸುತ್ತಿರುವ ಮಾತ್ರೆಗಳು. ರಕ್ತದ ಗುಂಪು ನೆಗೆಟಿವ್ ಆಗಿದ್ದಲ್ಲಿ ವೈದ್ಯರಿಗೆ ಅವಶ್ಯವಾಗಿ ತಿಳಿಸತಕ್ಕದ್ದು. ಹೊಟ್ಟೆಗೆ ಪೆಟ್ಟಾದ ಸಂದರ್ಭದಲ್ಲಿ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಮದುವೆಯ ನಂತರ ತವರಿನ ಪಡಿತರ ಚೀಟಿಯಿಂದ ಹೆಸರು ತೆಗೆಸಿ ಗಂಡನ ಮನೆಯ ಚೀಟಿಗೆ ಇನ್ನೂ ಸೇರಿಸದಿರುವುದು ಅನೇಕ ಕಡೆ ಕಂಡುಬರುತ್ತದೆ. ಗರ್ಭ ನಿಂತ ತಿಂಗಳಿನಲ್ಲಿಯೇ ಈ ಸೇರ್ಪಡೆಗೆ ಅರ್ಜಿ ಸಲ್ಲಿಸುವುದು ಸೂಕ್ತ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರು ತಮ್ಮ ಹೆಸರಿರುವ ಚೀಟಿಯ ಪ್ರತಿಯನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ದಾಖಲೆ ಕೈಯಲ್ಲಿಲ್ಲವೆಂದು ಆಸ್ಪತ್ರೆಗೆ ಬರುವುದನ್ನು ತಡಮಾಡಬಾರದು. ಕಾಗದಪತ್ರವನ್ನು ನಂತರವೂ ತರಬಹುದು.

10. ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಮಾಡಬೇಕು

18 ವರ್ಷ ತುಂಬಿದ, ಪ್ರಜ್ಞೆಯಲ್ಲಿರುವ ಮಹಿಳೆಯ ಶಸ್ತ್ರಚಿಕಿತ್ಸೆಗೆ ಆಕೆಯ ಸ್ವಂತ ಒಪ್ಪಿಗೆಯೇ ಕಾನೂನಿನ ಪ್ರಕಾರ ಬೇಕಾದುದು. ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿ 16ರಂದು ನೀಡಿದ ತೀರ್ಪಿನಲ್ಲಿ ವಯಸ್ಕ ರೋಗಿ ಸ್ವತಃ ಒಪ್ಪಿಗೆ ನೀಡಲು ಶಕ್ತರಿರುವಾಗ ಬೇರೆಯವರ ಒಪ್ಪಿಗೆ ಅದಕ್ಕೆ ಬದಲಿಯಾಗದು ಎಂದು ಸ್ಪಷ್ಟಪಡಿಸಿದೆ. ಮನೆಯವರೊಂದಿಗೆ ಸಮಾಲೋಚಿಸುವುದು ಒಳ್ಳೆಯದೇ. ಆದರೆ ಪತಿ ಅಥವಾ ಅತ್ತೆ-ಮಾವನವರ ಸಹಿಗಾಗಿ ತುರ್ತು ಶಸ್ತ್ರಚಿಕಿತ್ಸೆಯನ್ನು ತಡೆಹಿಡಿಯಬೇಕಾಗಿಲ್ಲ. ಪತಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದರೆ ಸಾಕಾಗುತ್ತದೆ.

ಸಹಿ ಮಾಡುವ ಮೊದಲು ಯಾವ ಬಗೆಯ ಅರಿವಳಿಕೆ, ಅದರ ಅಪಾಯಗಳೇನು, ಶಸ್ತ್ರಚಿಕಿತ್ಸೆ ಮಾಡದಿದ್ದರೆ ಏನಾಗಬಹುದು ಎಂಬುದನ್ನು ಕನ್ನಡದಲ್ಲಿ ವಿವರಿಸುವಂತೆ ಕೇಳುವ ಹಕ್ಕು ರೋಗಿಗೆ ಇರುತ್ತದೆ.

11. ಬಿಡುಗಡೆಯ ನಂತರ

ನೋವು, ಜ್ವರ, ರಕ್ತಸ್ರಾವ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು ಅಥವಾ ಕಾಲಿನ ಊತ ಕಂಡುಬಂದಲ್ಲಿ ಕೂಡಲೇ ಮರಳಿ ಬರಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ವೈದ್ಯರ ಸೂಚನೆಯಂತೆ ಬೇಗನೆ ಎದ್ದು ನಡೆದಾಡಬೇಕು. ಔಷಧಿ ಅಂಗಡಿಯಿಂದ ತಾವಾಗಿಯೇ ನೋವಿನ ಮಾತ್ರೆ ತೆಗೆದುಕೊಳ್ಳಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳು, ವಿಶೇಷವಾಗಿ 20 ವಾರಗಳ ನಂತರ, ಮಗುವಿಗೆ ಹಾನಿಕರವಾಗಬಹುದು. ಬಿಡುಗಡೆ ಪತ್ರದ ಪ್ರತಿಯನ್ನು ತಾಯಿ ಕಾರ್ಡ್‌ನೊಂದಿಗೆ ಇಟ್ಟು ಆಶಾ ಕಾರ್ಯಕರ್ತೆಗೆ ತೋರಿಸತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಟ್ಟು ತಡವಾಗಿದೆ, ಗರ್ಭಿಣಿಯೋ ಅಲ್ಲವೋ ತಿಳಿದಿಲ್ಲ. ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದೇನೆ. ಏನು ಮಾಡಬೇಕು?
ಉತ್ತರ: ಈ ವಿಷಯವನ್ನು ವೈದ್ಯರಿಗೆ ತಿಳಿಸಿರಿ. ಸರಳ ಮೂತ್ರ ಪರೀಕ್ಷೆಯಿಂದ ಸಾಮಾನ್ಯವಾಗಿ ತಿಳಿಯುತ್ತದೆ. ಸಂಕೋಚದಿಂದ ಮುಚ್ಚಿಡಬಾರದು.

ಪ್ರಶ್ನೆ: ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್‌ನಿಂದ ಮಗುವಿಗೆ ಅಪಾಯವೇ?
ಉತ್ತರ: ಮೊದಲ ಆಯ್ಕೆ ಅಲ್ಟ್ರಾಸೌಂಡ್ ಆಗಿರುತ್ತದೆ, ಲಭ್ಯವಿದ್ದಲ್ಲಿ ಎಂ.ಆರ್.ಐ. ಸಹ ಬಳಸಬಹುದು. ತಾಯಿಯ ಜೀವಕ್ಕೆ ಅಪಾಯವಿದ್ದಾಗ ವೈದ್ಯರು ಅಗತ್ಯವೆಂದು ಹೇಳಿದ ಸಿ.ಟಿ. ಸ್ಕ್ಯಾನ್ ನಿರಾಕರಿಸಬಾರದು. ಒಂದು ಸಾಮಾನ್ಯ ಪರೀಕ್ಷೆಯ ವಿಕಿರಣ ಪ್ರಮಾಣವು ಮಗುವಿಗೆ ಹಾನಿಯಾಗುವ ಮಟ್ಟಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಪ್ರಶ್ನೆ: ಲ್ಯಾಪರೋಸ್ಕೋಪಿ ವಿಧಾನ ಗರ್ಭಿಣಿಯರಿಗೆ ಸುರಕ್ಷಿತವೇ?
ಉತ್ತರ: ಅನುಭವಿ ತಜ್ಞರು ಲಭ್ಯವಿದ್ದಲ್ಲಿ ಗರ್ಭದ ಯಾವ ಹಂತದಲ್ಲಿಯೂ ಮಾಡಬಹುದು. ವಿಧಾನವನ್ನು ತೀರ್ಮಾನಿಸುವುದು ಚಿಕಿತ್ಸೆ ನೀಡುವ ವೈದ್ಯರಿಗೆ ಬಿಟ್ಟದ್ದು.

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಹಣವಿಲ್ಲದೆ ದಾಖಲಿಸಿಕೊಳ್ಳುವುದಿಲ್ಲವೆಂದರೆ?
ಉತ್ತರ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಮತ್ತು ಅದರ 2017ರ ತಿದ್ದುಪಡಿಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸದೆ ಜೀವರಕ್ಷಕ ಚಿಕಿತ್ಸೆ ನೀಡತಕ್ಕದ್ದು. ದೂರುಗಳನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು.

13. ಮುಕ್ತಾಯ

ಗರ್ಭಿಣಿಯ ಹೊಟ್ಟೆನೋವನ್ನು ಲಘುವಾಗಿ ಪರಿಗಣಿಸದಿರುವುದು, ಗರ್ಭಿಣಿ ಎಂಬ ವಿಷಯವನ್ನು ಪ್ರತಿ ಹಂತದಲ್ಲಿ ತಿಳಿಸುವುದು, ವೈದ್ಯರು ತುರ್ತು ಎಂದು ಹೇಳಿದ ಶಸ್ತ್ರಚಿಕಿತ್ಸೆಯನ್ನು ಅರಿವಳಿಕೆಯ ಭಯದಿಂದಾಗಲಿ, ಸಹಿ ಅಥವಾ ದಾಖಲೆಯ ಕಾರಣದಿಂದಾಗಲಿ ಮುಂದೂಡದಿರುವುದು - ಈ ಮೂರು ಅಂಶಗಳನ್ನು ಪ್ರತಿಯೊಂದು ಕುಟುಂಬವೂ ನೆನಪಿನಲ್ಲಿಡಬೇಕಾಗಿ ಕೋರಲಾಗಿದೆ.

ವಿ.ಸೂ.: ಈ ಪುಟದಲ್ಲಿರುವುದು ಸಾಮಾನ್ಯ ಮಾಹಿತಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.